ಥಾಣೆಯ ಮುಮ್ಮುರಿ ಮತ್ತು ಕಡಲು ದಾಟಿದ ಕನ್ನಡ: ನರೇಂದ್ರ ಶಾಸನದ ಮರುವಾಚನ

1

ಧಾರವಾಡದ ಸಮೀಪದ ನರೇಂದ್ರ ಗ್ರಾಮದಲ್ಲಿ ದೊರೆತ, 1125ರ ಕಾಲಕ್ಕೆ ಸೇರಿದ ಕನ್ನಡ ಶಾಸನವೊಂದು ಗೋವೆಯ ಕದಂಬರ ವಂಶವನ್ನು ವರ್ಣಿಸುವ ಸಂದರ್ಭದಲ್ಲಿ ಒಂದು ಕಡಲಯಾನವನ್ನು ನೆನೆಯುತ್ತದೆ. ಆ ವಂಶದ ಪೂರ್ವಜನಾದ ಚಟ್ಟಯ್ಯದೇವನು ಕವಡಿದ್ವೀಪವನ್ನೂ ಇತರ ಅನೇಕ ಪ್ರದೇಶಗಳನ್ನೂ ಗೆದ್ದನೆಂದೂ, ಹಡಗುಗಳ ಸಾಲಿನಿಂದ ಲಂಕೆಯವರೆಗೆ ಸೇತುವೆ ಕಟ್ಟಿದನೆಂದೂ ಅದು ಹೇಳುತ್ತದೆ. ಅವನ ಸಮುದ್ರಲೀಲೆಯ ಸುದ್ದಿಯನ್ನು ಕೇಳಿದ ಥಾಣೆಯ ಅರಸ ಮುಮ್ಮುರಿಯು ತಾನಾಗಿಯೇ ಎದುರುಗೊಂಡು, ಅರಮನೆಗೆ ಕರೆದೊಯ್ದು, ಮಗಳನ್ನು ಧಾರೆಯೆರೆದು, ಅಳಿಯನಿಗೆ ಐದು ಲಕ್ಷ ಹೊನ್ನನ್ನು ಬಳುವಳಿಯಾಗಿ ಕೊಟ್ಟನೆಂಬುದು ಆ ವರ್ಣನೆಯ ಮುಂದಿನ ಭಾಗ. ಈ ಮುಮ್ಮುರಿಯು ಉತ್ತರ ಕೊಂಕಣದ ಶಿಲಾಹಾರ ವಂಶದ ಮುಮ್ಮುಣಿ. ಕಲ್ಯಾಣದ ಪಕ್ಕದ ಅಂಬರನಾಥದಲ್ಲಿ ಇಂದಿಗೂ ನಿಂತಿರುವ ಶಿವಾಲಯದ ಶಕ 982ರ, ಎಂದರೆ 1060ರ, ಶಾಸನವು ಈತನ ಕಾಲದ್ದು.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರಿಗೆ ಅಂಬರನಾಥ ಅಪರಿಚಿತವಲ್ಲ. ಶಿವರಾತ್ರಿಯಂದು ಅಲ್ಲಿಗೆ ಹೋಗಿಬರುವ ಕುಟುಂಬಗಳು ಬಹಳ. ಆದರೆ ಆ ದೇವಾಲಯದ ಅರಸನ ಮನೆಗೆ ಕಡಲ ದಾರಿಯಿಂದ ಅಳಿಯನೊಬ್ಬ ಬಂದ ಸಂಗತಿಯನ್ನು ದಾಖಲಿಸಿರುವುದು ಸಮುದ್ರದಿಂದ ಬಹುದೂರದ ಬಯಲುಸೀಮೆಯ ಕನ್ನಡ ಕಲ್ಲು ಎಂಬ ಅಂಶವು ನಮ್ಮ ಚರ್ಚೆಗಳಲ್ಲಿ ಪ್ರಾಮುಖ್ಯ ಪಡೆದಿಲ್ಲ. ಪಡೆದಾಗಲೂ ಅದು ಇತಿಹಾಸಕಾರರ ಕೈಯಲ್ಲಿ ರಾಜವಂಶಗಳ ಕಾಲನಿರ್ಣಯದ ಸಾಧನವಾಗಿದೆ, ಇಲ್ಲವೇ ಅಭಿಮಾನಿಗಳ ಕೈಯಲ್ಲಿ 'ಥಾಣೆ ಮೂಲತಃ ಕನ್ನಡದ್ದು' ಎಂಬ ಘೋಷಣೆಗೆ ಆಧಾರವಾಗಿದೆ. ಈ ಎರಡೂ ಓದುಗಳು ಶಾಸನದ ಒಂದು ಮುಖ್ಯ ಗುಣವನ್ನು ಕಡೆಗಣಿಸುತ್ತವೆ. ಇದು ಕಡಲಯಾನದ ನೆನಪು. ಯಾನ ನಡೆದ ಎರಡು ಮೂರು ತಲೆಮಾರುಗಳ ಅನಂತರ, ಯಾನ ಮಾಡಿದವನ ವಂಶಸ್ಥರು ಬರೆಯಿಸಿದ ನೆನಪು. ಇಂತಹ ನೆನಪನ್ನು ಹೇಗೆ ಓದಬೇಕು, ಅದರಿಂದ ವಲಸೆಯ ಕುರಿತು ಎಷ್ಟನ್ನು ಹೇಳಬಹುದು, ಎಷ್ಟನ್ನು ಹೇಳಬಾರದು ಎಂಬುದನ್ನು ಪರಿಶೀಲಿಸುವುದು ಈ ಬರೆಹದ ಉದ್ದೇಶ.

2

ಮೊದಲಿಗೆ ನಮ್ಮ ಕಾವ್ಯಪರಂಪರೆಯು ಕಡಲನ್ನು ಕಂಡ ಬಗೆಯನ್ನು ನೋಡಬೇಕು. ಕವಿರಾಜಮಾರ್ಗವು ಕನ್ನಡ ನಾಡನ್ನು ಗುರುತಿಸುವುದು ಕಾವೇರಿ, ಗೋದಾವರಿಗಳೆಂಬ ಎರಡು ನದಿಗಳಿಂದ. ತಿರುಳ್ಗನ್ನಡದ ನೆಲೆಯೆಂದು ಅದು ಹೆಸರಿಸುವ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳಲ್ಲಿ ಒಂದೂ ಕರಾವಳಿಯ ಊರಲ್ಲ. ಅದೇ ನೃಪತುಂಗ ಅಮೋಘವರ್ಷನ ಆಳ್ವಿಕೆಯಲ್ಲಿ ಅವನ ಸಾಮಂತನಾದ ಶಿಲಾಹಾರ ಕಪರ್ದಿಯ ಕಾಲದ ಶಾಸನಗಳು ಥಾಣೆಗೆ ಸಮೀಪದ ಕನ್ಹೇರಿಯ ಬೌದ್ಧ ಗುಹೆಗಳಲ್ಲಿ ಕೆತ್ತಲ್ಪಟ್ಟಿವೆ. ಅಂದರೆ ರಾಜ್ಯವು ಪಶ್ಚಿಮ ಸಮುದ್ರವನ್ನು ಮುಟ್ಟಿತ್ತು. ಆದರೆ ನಾಡಿನ ಕಲ್ಪನೆ ಮುಟ್ಟಿರಲಿಲ್ಲ.

ಮಹಾಕಾವ್ಯದ ವರ್ಣನೆಗಳಲ್ಲಿ ಸಮುದ್ರವೂ ಒಂದಾಗಿರುವುದರಿಂದ ಕನ್ನಡ ಕವಿಗಳು ಕಡಲನ್ನು ವರ್ಣಿಸದೆ ಬಿಟ್ಟಿಲ್ಲ. ಆದರೆ ಆ ವರ್ಣನೆಯ ದೃಷ್ಟಿ ದಡದ ಮೇಲೆ ನಿಂತವನದು. ಇದಕ್ಕೆ ಉತ್ತಮ ನಿದರ್ಶನ 941ರ ಆದಿಪುರಾಣದಲ್ಲಿದೆ. ದಿಗ್ವಿಜಯಕ್ಕೆ ಹೊರಟ ಭರತ ಚಕ್ರವರ್ತಿಯು ಮೂಡಣ ಸಮುದ್ರವನ್ನು ಪ್ರವೇಶಿಸಿ, ಅಲ್ಲಿನ ಮಾಗಧದೇವನತ್ತ ಬಾಣ ಬಿಟ್ಟು, ಅವನನ್ನು ವಶಪಡಿಸಿಕೊಳ್ಳುತ್ತಾನೆ. ಜಿನಸೇನರಿಂದ ಪಂಪನಿಗೆ ಬಂದ ಈ ಪ್ರಸಂಗದಲ್ಲಿ ಚಕ್ರವರ್ತಿಯು ಸಮುದ್ರಕ್ಕಿಳಿಯುವುದು ಹಡಗಿನಲ್ಲಲ್ಲ, ರಥದಲ್ಲಿ! ಎರಡು ದಶಕಗಳಿಗೂ ಮೀರಿ ಈ ಭಾಗವನ್ನು ತರಗತಿಯಲ್ಲಿ ಪಾಠ ಹೇಳಿದ ನಾನು ಅದರ ಅಲಂಕಾರವನ್ನೂ ರಸವನ್ನೂ ವಿವರಿಸಿದ್ದೇನೆ, 'ಹಡಗು ಎಲ್ಲಿ?' ಎಂಬ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ. ಪೌರಾಣಿಕ ಚಕ್ರವರ್ತಿಯ ಮಹಿಮೆಗೆ ರಥವೇ ಉಚಿತವೆಂಬುದು ನಿಜ. ಆದರೆ ಹಡಗಿನ ಬದುಕು ಕಾವ್ಯದ ಗೌರವಕ್ಕೆ ಹೊರಗಾದುದೆಂಬ ಭಾವನೆಯೂ ಆ ಔಚಿತ್ಯದೊಳಗೇ ಅಡಗಿದೆ.

ಜೈನ ಕಥನಪರಂಪರೆಯಲ್ಲಿ ವಣಿಕರ ಸಮುದ್ರಯಾನಗಳಿವೆ. ಚಾರುದತ್ತನ ಕಥೆ ಸುಪ್ರಸಿದ್ಧ. ಅಲ್ಲಿ ಕಡಲು ಲಾಭ ನಷ್ಟಗಳ, ಅದರ ಮೂಲಕ ಕರ್ಮವಿಪಾಕದ ಸ್ಥಳ. ವಚನಗಳಲ್ಲಿ ಸಂಸಾರವೇ ಸಾಗರ. ಅಂಬಿಗರ ಚೌಡಯ್ಯನಂತಹ ನಿಜವಾದ ದೋಣಿಕಾರನ ದನಿ ನಮ್ಮ ಸಾಹಿತ್ಯಕ್ಕೆ ಲಭಿಸಿದೆಯಾದರೂ ಅವನು ಹೊಳೆಯ ಅಂಬಿಗ. ಕನ್ನಡ ಕಾವ್ಯದ ಹುಟ್ಟು ನದಿಯ ನೀರನ್ನು ಬಲ್ಲುದು. ಉಪ್ಪುನೀರನ್ನು ಬಲ್ಲವರ ಮಾತು ಅದರೊಳಗೆ ಬಂದುದು ಬಹಳ ಕಡಿಮೆ.

ಶಾಸನಗಳ ಸ್ಥಿತಿ ಹೀಗಿಲ್ಲ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯು ಮದಗಜಗಳಂತಹ ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ್ದನ್ನು ಸಂಸ್ಕೃತದಲ್ಲಿ ವರ್ಣಿಸುತ್ತಾನೆ. ಆ ಪುರಿಯನ್ನು ನವಿ ಮುಂಬಯಿಯ ಎದುರಿನ ಘಾರಾಪುರಿ ದ್ವೀಪವೆಂದು ಗುರುತಿಸುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ನರೇಂದ್ರ ಶಾಸನವು ಕನ್ನಡದಲ್ಲಿಯೇ ಹಡಗಿನ ಸಾಲನ್ನು ಕಾಣುತ್ತದೆ. ಆದುದರಿಂದ ಮಧ್ಯಕಾಲೀನ ಕನ್ನಡದಲ್ಲಿ ಕಡಲು ಇಲ್ಲವೆನ್ನುವುದು ತಪ್ಪು. ಅದು ಕಾವ್ಯದಲ್ಲಿ ಅಲಂಕಾರವಾಗಿಯೂ ಶಾಸನದಲ್ಲಿ ಘಟನೆಯಾಗಿಯೂ ಇದೆ. ಸಾಹಿತ್ಯಚರಿತ್ರೆಯು ಮೊದಲನೆಯದನ್ನು ಮಾತ್ರ ಎಣಿಸಿದೆ.

3

ಘಟನೆಯೆಂದ ಮಾತ್ರಕ್ಕೆ ಶಾಸನದ ಮಾತನ್ನು ಅಕ್ಷರಶಃ ಸ್ವೀಕರಿಸಬಹುದೆ? ಈ ಪ್ರಶ್ನೆಯನ್ನು ನಮಗಿಂತ ಹೆಚ್ಚು ತೀವ್ರವಾಗಿ ಎದುರಿಸಿದವರು ಪಾಲಿನೇಷಿಯಾದ ಪ್ರಾಚೀನ ವಲಸೆಗಳ ಅಧ್ಯಯನಕಾರರು. ಅವರ ಅನುಭವ ನಮಗೆ ಎರಡು ಕಾರಣಗಳಿಂದ ಉಪಯುಕ್ತ. ಅಲ್ಲಿಯೂ ಕಡಲು ದಾಟಿದವರ ನೆನಪು ವಂಶಾವಳಿಯ ರೂಪದಲ್ಲಿಯೇ ಉಳಿದಿದೆ. ಅಲ್ಲಿಯೂ ಆ ನೆನಪನ್ನು ಮೊದಲು ಅತಿಯಾಗಿ ನಂಬಲಾಯಿತು, ಅನಂತರ ಅತಿಯಾಗಿ ಶಂಕಿಸಲಾಯಿತು.

ಲಪೀಟ ಎಂಬ ವಿಶಿಷ್ಟ ಮಡಕೆಗಳನ್ನು ಮಾಡುತ್ತಿದ್ದ ಜನ ಸುಮಾರು 3000 ವರ್ಷಗಳ ಹಿಂದೆ ಟೋಂಗ, ಸಮೋವ ದ್ವೀಪಗಳನ್ನು ತಲುಪಿದ್ದರು. ಅಲ್ಲಿಂದ ದೀರ್ಘಕಾಲದ ವಿರಾಮದ ಬಳಿಕ ಅವರ ಸಂತತಿಯವರು ಪೂರ್ವದ ದ್ವೀಪಗಳಿಗೆ ಹರಡಿ, ಉತ್ತರದಲ್ಲಿ ಹವಾಯಿಯನ್ನೂ 13ನೆಯ ಶತಮಾನದ ಹೊತ್ತಿಗೆ ದಕ್ಷಿಣದಲ್ಲಿ ನ್ಯೂಜಿಲೆಂಡನ್ನೂ ಮುಟ್ಟಿದರು. ನ್ಯೂಜಿಲೆಂಡಿನ ಮಾವೊರಿ ಬಣಗಳು ತಮ್ಮ ಪೂರ್ವಜರು ಬಂದ ನೌಕೆಗಳ ಹೆಸರುಗಳನ್ನು ಇಂದಿಗೂ ಹೇಳುತ್ತವೆ. 20ನೆಯ ಶತಮಾನದ ಆರಂಭದ ವೇಳೆಗೆ ಪರ್ಸಿ ಸ್ಮಿತ್ ಈ ಬೇರೆ ಬೇರೆ ಬಣಗಳ ಕಥೆಗಳನ್ನು ಒಟ್ಟುಗೂಡಿಸಿ, ತಲೆಮಾರುಗಳನ್ನು ಲೆಕ್ಕಹಾಕಿ, 1350ರ ಸುಮಾರಿಗೆ ಒಂದೇ 'ಮಹಾ ನೌಕಾಪಡೆ' ಬಂದಿತೆಂದು ನಿರ್ಣಯಿಸಿದರು. ಅದು ಶಾಲೆಯ ಪಠ್ಯಗಳನ್ನೂ ಸೇರಿತು. 1976ರಲ್ಲಿ ಡೇವಿಡ್ ಸಿಮನ್ಸ್ ಆ ಕಥೆಗಳ ಮೂಲಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸಿ, ಒಂದೇ ಪಡೆಯ ಕಥೆಯು ಸಂಗ್ರಾಹಕರ ಹೊಲಿಗೆಯೇ ಹೊರತು ಬಣಗಳ ನೆನಪಲ್ಲವೆಂದು ತೋರಿಸಿದರು.

ಇನ್ನೊಂದು ತುದಿಯಲ್ಲಿ ಆಂಡ್ರ್ಯೂ ಶಾರ್ಪ್ ಇದ್ದರು. ಉಪಕರಣಗಳಿಲ್ಲದೆ ಅಷ್ಟು ದೂರದ ಉದ್ದೇಶಪೂರ್ವಕ ಯಾನ ಅಸಾಧ್ಯ, ದ್ವೀಪಗಳು ಜನರಿಂದ ತುಂಬಿದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ ಎಂದು ಅವರು 1956ರಲ್ಲಿ ವಾದಿಸಿದರು. ಈ ವಾದವನ್ನು ಎರಡು ದಿಕ್ಕುಗಳಿಂದ ಪರೀಕ್ಷಿಸಲಾಯಿತು. 1973ರಲ್ಲಿ ಪ್ರಕಟವಾದ ಗಣಕಯಂತ್ರದ ಅಧ್ಯಯನವೊಂದು, ಗಾಳಿ ಮತ್ತು ಪ್ರವಾಹಗಳ ಸೆಳೆತಕ್ಕೆ ಸಿಕ್ಕಿ ತೇಲಿದ ದೋಣಿಗಳು ಹವಾಯಿ, ನ್ಯೂಜಿಲೆಂಡುಗಳನ್ನು ಮುಟ್ಟುವ ಸಂಭವ ಇಲ್ಲವೆನ್ನುವಷ್ಟು ಕಡಿಮೆಯೆಂದು ತೋರಿಸಿತು. 1976ರಲ್ಲಿ ಹೊಕುಲೆಅ ಎಂಬ, ಹಳೆಯ ಮಾದರಿಯ ಜೋಡಿ ನೌಕೆಯು ಹವಾಯಿಯಿಂದ ತಾಹಿತಿಗೆ ಸುಮಾರು 4000 ಕಿಲೋಮೀಟರ್ ದೂರವನ್ನು ದಿಕ್ಸೂಚಿಯಿಲ್ಲದೆ ಕ್ರಮಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ನೌಕೆಗೆ ದಾರಿ ತೋರಿದ ಮೌ ಪಿಯಾಯ್ಲುಗ್ ಹವಾಯಿಯವನಾಗಲಿ, ಪಾಲಿನೇಷಿಯಾದವನಾಗಲಿ ಅಲ್ಲ. ಮೈಕ್ರೊನೇಷಿಯಾದ ಸತವಾಲ್ ಎಂಬ ಪುಟ್ಟ ದ್ವೀಪದವನು. ನಕ್ಷತ್ರ ಮತ್ತು ಅಲೆಗಳ ಚಲನೆಯಿಂದ ದಾರಿ ಕಾಣುವ ವಿದ್ಯೆಯನ್ನು ಹವಾಯಿಯಲ್ಲಿ ಬಲ್ಲವರು ಯಾರೂ ಉಳಿದಿರಲಿಲ್ಲ.

ಈ ಚರ್ಚೆಯಿಂದ ನಾವು ಗ್ರಹಿಸಬೇಕಾದ ತತ್ತ್ವಗಳು ಮೂರು. ಒಂದು, ವಂಶಸ್ಮೃತಿಯನ್ನು ಒಟ್ಟುಗೂಡಿಸಿ ಒಂದೇ ಮಹಾವಲಸೆಯನ್ನಾಗಿ ಮಾಡಬಾರದು. ಎರಡು, ಅತಿಶಯೋಕ್ತಿ ಇದೆಯೆಂಬ ಕಾರಣಕ್ಕೆ ಸ್ಮೃತಿಯನ್ನು ತಳ್ಳಿಹಾಕಲೂಬಾರದು. ಮೂರು, ಕಡಲಿನ ಜ್ಞಾನ ಗ್ರಂಥಗಳಲ್ಲಿಲ್ಲ. ಅದನ್ನು ಬಳಸುವವರ ಬಾಯಲ್ಲಿದೆ, ಅವರೊಂದಿಗೇ ಅಳಿಯುತ್ತದೆ.

4

ಈ ತತ್ತ್ವಗಳ ಬೆಳಕಿನಲ್ಲಿ ಥಾಣೆ ಕಲ್ಯಾಣಗಳಿಗೆ ಮರಳೋಣ. ಕಲ್ಯಾಣವು ಉಲ್ಲಾಸ ನದಿಯ ದಂಡೆಯ ಪ್ರಾಚೀನ ರೇವು. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕ ಕೈಪಿಡಿ ಪೆರಿಪ್ಲಸ್ ಇದನ್ನು ಕಲ್ಲಿಯೇನ ಎಂದು ಹೆಸರಿಸಿ, ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರುಕಚ್ಛಕ್ಕೆ ಒಯ್ಯುತ್ತಿದ್ದರೆಂದು ದೂರುತ್ತದೆ. ಕನ್ಹೇರಿಯ ದಾನಿಗಳಲ್ಲಿ ಕಲ್ಯಾಣದವರು ಅನೇಕರು. ಆದರೆ ಈ ಯಾವ ದಾಖಲೆಯೂ ಕನ್ನಡಿಗರನ್ನು ಕುರಿತದ್ದಲ್ಲ. ಕನ್ನಡದ ಸಂಬಂಧ ನಿಚ್ಚಳವಾಗುವುದು ರಾಷ್ಟ್ರಕೂಟರ ಕಾಲದಿಂದ.

ಇಲ್ಲಿ 10ನೆಯ ಶತಮಾನದ ಅರಬ್ ಲೇಖಕ ಅಲ್ ಮಸೂದಿಯ ಸಾಕ್ಷ್ಯ ಅಮೂಲ್ಯವಾದುದು. ಕೊಂಕಣದ ಚೌಲ್ ರೇವನ್ನು ಕಣ್ಣಾರೆ ಕಂಡಿದ್ದ ಈತ, ಬಲ್ಹರನ ರಾಜಧಾನಿಯಾದ ಮಾನ್ಯಖೇಟದ ಜನರ ನುಡಿ 'ಕಿರಿಯಾ' ಎಂದೂ, ಚೌಲ್, ಸೋಪಾರ, ಥಾಣೆಗಳ ಕರಾವಳಿಯ ನುಡಿ 'ಲಾರಿಯಾ' ಎಂದೂ ಬೇರ್ಪಡಿಸಿ ಹೇಳಿದ್ದಾನೆ. ಕಿರಿಯಾ ಎಂಬುದು ಕನ್ನಡವೆಂಬ ಊಹೆಯನ್ನು ಒಪ್ಪಿದರೆ, ಈ ಹೇಳಿಕೆ ನಮಗೆ ಸಂತೋಷವನ್ನೂ ಎಚ್ಚರವನ್ನೂ ಒಟ್ಟಿಗೆ ಕೊಡುತ್ತದೆ. ಅರಸನ ಆಸ್ಥಾನದಲ್ಲಿ ಕನ್ನಡವಿತ್ತು. ಅದೇ ಅರಸನ ರೇವಿನಲ್ಲಿ ಬೇರೆ ನುಡಿ ಇತ್ತು.

ಉಳಿದ ಸಾಕ್ಷ್ಯಗಳು ಇದನ್ನೇ ಪುಷ್ಟೀಕರಿಸುತ್ತವೆ. ಈಗ ಪಾಲಘರ ಜಿಲ್ಲೆಯಲ್ಲಿರುವ, 2014ರವರೆಗೆ ಥಾಣೆ ಜಿಲ್ಲೆಗೆ ಸೇರಿದ್ದ ಚಿಂಚಣಿಯಲ್ಲಿ ದೊರೆತ 926ರ ತಾಮ್ರಶಾಸನದ ಪ್ರಕಾರ, ರಾಷ್ಟ್ರಕೂಟ ಮುಮ್ಮಡಿ ಇಂದ್ರನ ಕಾಲದಲ್ಲಿ ಸಂಜಾನ ಪ್ರದೇಶವನ್ನು ಆಳುತ್ತಿದ್ದವನು ಮಧುಮತಿ ಎಂಬ ತಾಜಿಕ, ಎಂದರೆ ಅರಬ. ಮಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪವಿದು. ಸುತ್ತಣ ಬಂದರುಗಳನ್ನು ಗೆದ್ದು ಅಲ್ಲಿ ತನ್ನ ಅಧಿಕಾರಿಗಳನ್ನು ನೇಮಿಸಿದ ಈತ, ಹೊಳೆ ದಾಟಲು ಉಚಿತ ದೋಣಿಗಳನ್ನೂ ಅನ್ನಸತ್ರವನ್ನೂ ಏರ್ಪಡಿಸಿದ. ಅವನ ಮಂತ್ರಿಯ ಹೆಸರು ಪುವ್ವಯ್ಯ. ದೇವಿಯ ಮಠಿಕೆಯನ್ನು ಕಟ್ಟಿಸಿದ, ಮಂತ್ರಿಯ ಗೆಳೆಯನ ಹೆಸರು ಅಣ್ಣಯ್ಯ. ಈ ಎರಡು ಹೆಸರುಗಳ ದಕ್ಷಿಣದ ಛಾಯೆಯನ್ನು ಕನ್ನಡ ಕಿವಿ ಗುರುತಿಸದಿರದು. ಆದರೆ ಅಣ್ಣಯ್ಯ ಪುವ್ವಯ್ಯರ ನೆಲೆ ಮಂತ್ರಿಮಂಡಲ ಮತ್ತು ಮಠ, ಹಡಗಿನ ಅಟ್ಟವಲ್ಲ.

ಭಿವಂಡಿಯ ಬಳಿಯ ಭಾದಾನೆಯ 997ರ ದಾನಪತ್ರದಲ್ಲಿ ಶಿಲಾಹಾರ ಅಪರಾಜಿತನು, ರಾಷ್ಟ್ರಕೂಟರು ಅಳಿದು ಎರಡು ದಶಕ ಕಳೆದಿದ್ದರೂ, ಅವರ ವಂಶಾವಳಿಯನ್ನು ಹೇಳಿ ಅವರ ಪತನಕ್ಕೆ ಮರುಗುತ್ತಾನೆ. ಥಾಣೆಯ ಶಿಲಾಹಾರರು 'ಮಲಗಲಗಂಡ' ಎಂಬ ಅಚ್ಚಗನ್ನಡ ಬಿರುದನ್ನು ಸಂಸ್ಕೃತ ಶಾಸನಗಳ ನಡುವೆಯೂ ಕೈಬಿಡಲಿಲ್ಲ. 1094ರ ಖಾರೇಪಾಟಣದ ಶಾಸನದಲ್ಲಿ ಅನಂತದೇವನು ಸ್ಥಾನಕ, ನಾಗಪುರ, ಶೂರ್ಪಾರಕ, ಚೇಮುಲಿ ಮುಂತಾದ ಬಂದರುಗಳಲ್ಲಿ ಇಬ್ಬರು ಶ್ರೇಷ್ಠಿಗಳಿಗೆ ಸುಂಕವನ್ನು ಮನ್ನಾ ಮಾಡುತ್ತಾನೆ. ಈ ಸ್ಥಾನಕವೇ ಥಾಣೆ. 1187ರ ಪರಳದ ಕಲ್ಲಿನಲ್ಲಿ, ದಾನವನ್ನು ಕೆಡಿಸುವವರಿಗೆ ಹಾಕಿದ ಶಾಪದ ಭಾಷೆ ಮರಾಠಿ. ಸಾಮಾನ್ಯ ಜನರಿಗೆ ತಿಳಿಯಲೇಬೇಕಾದ ಮಾತನ್ನು ಯಾವ ನುಡಿಯಲ್ಲಿ ಬರೆದರೆಂಬುದು ಅಂದಿನ ಊರಿನ ಭಾಷೆಯನ್ನು ಸೂಚಿಸುತ್ತದೆ.

ಶಂಬಾ ಜೋಶಿಯವರು 1930ರ ದಶಕದಲ್ಲಿ ಮಹಾರಾಷ್ಟ್ರದ ಮೂಲವನ್ನು ಕುರಿತು ಎತ್ತಿದ ಪ್ರಶ್ನೆಗಳು ಕನ್ನಡ ಸಂಶೋಧನೆಗೆ ಹೊಸ ಧೈರ್ಯವನ್ನು ನೀಡಿದವು. ಅವರ ಸ್ಥಳನಾಮಗಳ ಅನ್ವೇಷಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಪ್ರಶ್ನೆಯನ್ನು ಉತ್ತರವೆಂದು ಹಿಡಿದವರು, ಆಸ್ಥಾನದ ಬಿರುದು, ಅಧಿಕಾರಿಯ ಹೆಸರು, ಊರಿನ ಹೆಸರುಗಳನ್ನು ಒಂದೇ ದಾರದಲ್ಲಿ ಪೋಣಿಸಿ 'ಪ್ರಾಚೀನ ಕನ್ನಡ ವಲಸೆ'ಯೊಂದನ್ನು ಕಟ್ಟಿದ್ದಾರೆ. ನಮ್ಮ ಸಂಘಸಂಸ್ಥೆಗಳ ಸ್ಮರಣಸಂಚಿಕೆಗಳಲ್ಲಿ, ಭಾಷಣಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಇದು ನಮ್ಮ 'ಮಹಾ ನೌಕಾಪಡೆ'. ಬಿಡಿ ನೆನಪುಗಳು ನಿಜ, ಹೊಲಿಗೆ ನಮ್ಮದು.

5

ಹಾಗಾದರೆ ನರೇಂದ್ರ ಶಾಸನದಿಂದ ನಮಗೆ ಉಳಿಯುವುದೇನು? ಲಂಕೆಯವರೆಗಿನ ಸೇತುವೆಯನ್ನು ಕವಿಸಮಯವೆಂದು ಬದಿಗಿಡೋಣ. ಗೋವೆಯಿಂದ ಥಾಣೆಗೆ ಕಡಲ ಮಾರ್ಗವಿತ್ತು, ಆ ಮಾರ್ಗದಲ್ಲಿ ಅರಸನೊಬ್ಬ ಸಂಚರಿಸಿದ, ಎರಡು ಆಸ್ಥಾನಗಳ ನಡುವೆ ರಕ್ತಸಂಬಂಧ ಬೆಳೆಯಿತು ಎಂಬಷ್ಟು ದೃಢವಾಗಿ ಉಳಿಯುತ್ತದೆ. ಇದು ವಲಸೆಯಲ್ಲ, ಸಂಪರ್ಕ. ಪಾಲಿನೇಷಿಯಾದವರು ನಿರ್ಜನ ದ್ವೀಪಗಳಿಗೆ ಹೋಗಿ ನೆಲೆನಿಂತರು. ಕೊಂಕಣದ ರೇವುಗಳಿಗೆ ಬಂದವರು ಜನ ತುಂಬಿದ ಊರುಗಳಿಗೆ ಬಂದರು. ಈ ವ್ಯತ್ಯಾಸವನ್ನು ಭಾಷೆಯೇ ಹೇಳುತ್ತದೆ. ನೌಕೆಗೆ ಮಾವೊರಿಯಲ್ಲಿ ವಕ, ಹವಾಯಿಯಲ್ಲಿ ವಅ, ತಾಹಿತಿ ಮತ್ತು ಸಮೋವಗಳಲ್ಲಿ ವಅ ಎಂಬ ಒಂದೇ ಮೂಲದ ಶಬ್ದವಿದೆ. ಜನ ತಮ್ಮೊಡನೆ ಮಾತನ್ನೂ ಹೊತ್ತು ಸಾಗಿದ ಗುರುತು ಅದು.

ಕನ್ನಡದ ಕಡಲಶಬ್ದಗಳು ಮೂರು ಪದರಗಳಾಗಿವೆ. ಹಡಗು, ಹಾಯಿ, ಓಡ, ತೆಪ್ಪಗಳು ದೇಶ್ಯ. ಹಡಗಿಗೂ ಹಾಯಿಗೂ ತಮಿಳಿನ ಪಡಕು, ಪಾಯ್ ಸೋದರ ರೂಪಗಳು. ನಾವೆ, ಪೋತ, ಬಹಿತ್ರಗಳು ಸಂಸ್ಕೃತಮೂಲದವು, ಕಾವ್ಯದಲ್ಲಿ ಮೆರೆದವು. ಬಂದರು, ಲಂಗರು, ಚುಕ್ಕಾಣಿ, ನಾಖುದಾ ಎಂಬವು ಪಾರಸಿ ಅರಬ್ಬಿಗಳಿಂದ ಬಂದವು. ಇವುಗಳಲ್ಲಿ ಕೆಲವು ಮರಾಠಿಗೂ ಸಮಾನ. ಅಂದರೆ ಹಡಗಿನ ಒಡಲು ಮನೆಯದು, ಅದರ ಅಲಂಕಾರ ಗ್ರಂಥದ್ದು, ಅದನ್ನು ತಿರುಗಿಸುವ, ನಿಲ್ಲಿಸುವ, ನಡೆಸುವ ಮಾತು ರೇವಿನದು. ಒಂದು ನುಡಿಯ ಜನ ಬಂದು ನೆಲೆಸಿದ ಇತಿಹಾಸಕ್ಕಿಂತ, ಹಲವು ನುಡಿಗಳ ಜನ ಒಂದೇ ಹಡಗಿನಲ್ಲಿ ದುಡಿದ ಇತಿಹಾಸವನ್ನು ಈ ಪದರಗಳು ಸೂಚಿಸುತ್ತವೆ. ಚಿಂಚಣಿಯ ಅರಬ ಅಧಿಪತಿ, ಅವನ ಮಂತ್ರಿ ಪುವ್ವಯ್ಯ, ಅವರ ದೋಣಿಗಳನ್ನು ನಡೆಸುತ್ತಿದ್ದ ಹೆಸರಿಲ್ಲದ ಅಂಬಿಗರು, ಈ ಮೂವರನ್ನೂ ಒಟ್ಟಿಗೆ ಕಾಣಬಲ್ಲ ಓದು ನಮಗೆ ಬೇಕಾಗಿದೆ.

ಆ ಹೆಸರಿಲ್ಲದವರ ಮುಖವನ್ನು ಕಾಣುವ ಸ್ಥಳವೊಂದು ಸಾಷ್ಟಿ ದ್ವೀಪದಲ್ಲಿಯೇ ಇದೆ. ಬೋರಿವಲಿಯ ಏಕ್ಸರ್‌ನಲ್ಲಿರುವ ವೀರಗಲ್ಲುಗಳ ಪಟ್ಟಿಕೆಗಳಲ್ಲಿ ಹುಟ್ಟುಗಾರರಿಂದ ತುಂಬಿದ ಯುದ್ಧನೌಕೆಗಳ ಸಾಲುಗಳಿವೆ. 1265ರ ಸುಮಾರಿಗೆ ಯಾದವ ಮಹಾದೇವನೊಡನೆ ನಡೆದ, ಶಿಲಾಹಾರ ಸೋಮೇಶ್ವರನು ಮುಳುಗಿ ಮಡಿದ ನೌಕಾಯುದ್ಧದ ಸ್ಮಾರಕಗಳೆಂದು ಅನೇಕರು ಇವುಗಳನ್ನು ಗುರುತಿಸುತ್ತಾರೆ. ಬಯಲುನಾಡಿನ ವೀರಗಲ್ಲಿನಲ್ಲಿ ತುರುಗಳೂ ಕುದುರೆಗಳೂ ಇರುವ ಜಾಗದಲ್ಲಿ ಇಲ್ಲಿ ಹಡಗುಗಳಿವೆ. ಮೇಲಿನ ಪಟ್ಟಿಕೆಗಳಲ್ಲಿ ವೀರನ ಸ್ವರ್ಗಾರೋಹಣ, ಶಿವಸಾನ್ನಿಧ್ಯಗಳು ಎಂದಿನಂತೆಯೇ ಇವೆ. ದಖ್ಖಣದ ಒಂದು ಸ್ಮಾರಕಪ್ರಕಾರವು ಕಡಲಿಗೆ ಇಳಿದಾಗ ಏನಾಯಿತೆಂಬುದನ್ನು ಯಾವ ಚಂಪೂಕಾವ್ಯಕ್ಕಿಂತ ಸ್ಪಷ್ಟವಾಗಿ ಈ ಕಲ್ಲುಗಳು ಹೇಳುತ್ತವೆ. ಪಂಪನ ಭರತನಿಗೆ ಸಿಗದ ಹಡಗು ಇಲ್ಲಿ, ಹೆಸರು ತಿಳಿಯದ ಹುಟ್ಟುಗಾರನ ಕೈಯಲ್ಲಿದೆ.

6

ಕೊನೆಯದಾಗಿ, ಇಂದಿನ ಹೊಣೆಯ ಮಾತು. ಶಿಲಾಹಾರರ ಅಂತ್ಯಕ್ಕೂ ಇಂದಿನ ಥಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡ ನೆಲೆಗಳಿಗೂ ನಡುವೆ ಶತಮಾನಗಳ ಅಂತರವಿದೆ. 1853ರಲ್ಲಿ ಬೋರಿಬಂದರಿನಿಂದ ಥಾಣೆಗೆ, ಮರುವರ್ಷ ಕಲ್ಯಾಣಕ್ಕೆ ರೈಲು ಬಂದಿತು; ರೇವುಗಳಾಗಿದ್ದ ಊರುಗಳು ನಿಲ್ದಾಣಗಳಾದವು. ಇಂದಿನ ಕನ್ನಡ ಕುಟುಂಬಗಳು ಬಂದುದು ಬಹುಮಟ್ಟಿಗೆ 20ನೆಯ ಶತಮಾನದಲ್ಲಿ, ಗಿರಣಿ, ಹೋಟೆಲು, ಕಚೇರಿಗಳ ಕೆಲಸ ಹುಡುಕಿಕೊಂಡು. ಇವರನ್ನು ಮುಮ್ಮುರಿಯ ಅಳಿಯನ ವಾರಸುದಾರರೆಂದು ಕರೆಯುವುದು ಇವರ ನಿಜವಾದ ಕಷ್ಟದ ಚರಿತ್ರೆಗೆ ಮಾಡುವ ಅನ್ಯಾಯ.

ಆದರೆ ಒಂದು ಸಾದೃಶ್ಯವನ್ನು ಮರೆಯಬಾರದು. ಆ ಶತಮಾನದ ಮೊದಲರ್ಧದಲ್ಲಿ ಮಂಗಳೂರು, ಕಾರವಾರಗಳ ಕಡೆಯಿಂದ ಅನೇಕರು ಮುಂಬಯಿಗೆ ಬಂದುದು ಉಗಿಹಡಗಿನಲ್ಲಿ, ಚಟ್ಟಯ್ಯದೇವನು ಬಂದ ಅದೇ ಕಡಲ ದಾರಿಯಲ್ಲಿ. ಮಳೆಗಾಲಕ್ಕೆ ಮುನ್ನ ಹೊರಡಬೇಕಾದ ಲೆಕ್ಕ, ಗಾಳಿಯ ಹೆಸರುಗಳು, ಬಂದರಿನಿಂದ ಬಂದರಿಗೆ ಬದಲಾಗುವ ಮಾತು, ಇವೆಲ್ಲ ಅವರ ನೆನಪಿನ ಭಾಗ. ಕೊಂಕಣ ರೈಲು 1998ರಲ್ಲಿ ಪೂರ್ಣವಾದ ಮೇಲೆ ಹುಟ್ಟಿದ ತಲೆಮಾರಿಗೆ ಊರಿನ ದಾರಿಯೆಂದರೆ ಹಳಿಯ ದಾರಿ. ಕಡಲ ದಾರಿಯನ್ನು ಕಂಡವರು ಈಗ ಈ ಉಪನಗರಗಳ ಮಹಡಿಮನೆಗಳಲ್ಲಿರುವ ಬೆರಳೆಣಿಕೆಯ ವೃದ್ಧರು.

ಹೊರನಾಡಿನ ಸಂಶೋಧಕರಲ್ಲಿ ನನ್ನ ವಿನಂತಿ ಇಷ್ಟೆ. ಬಿರುದುಗಳ ಪಟ್ಟಿಯನ್ನು ಇನ್ನೊಮ್ಮೆ ಮಾಡುವ ಬದಲು, ಈ ಹಿರಿಯರಿಂದ, ಕರಾವಳಿ ಮೂಲದ ಮೀನುಗಾರ ಕುಟುಂಬಗಳಿಂದ ದೋಣಿಯ ಅಂಗಾಂಗಗಳ, ಗಾಳಿಯ, ನಕ್ಷತ್ರಗಳ, ನೀರಿನ ಏರಿಳಿತದ ಹೆಸರುಗಳನ್ನು ದಾಖಲಿಸಬೇಕು. ಥಾಣೆ ಖಾಡಿಯ ಕೋಳಿ ಸಮುದಾಯದ ಮಾತಿನಿಂದ ಅವೇ ವಸ್ತುಗಳ ಹೆಸರುಗಳನ್ನು ಕಲೆಹಾಕಿ ಎರಡನ್ನೂ ಎದುರುಬದುರಾಗಿ ಇಡಬೇಕು. ಸಮಾನ ಪದಗಳು ದೊರೆತರೆ, ಶಾಸನ ಹೇಳದ ಸಂಪರ್ಕವನ್ನು ಅವು ಹೇಳುತ್ತವೆ. ದೊರೆಯದಿದ್ದರೆ, ನಮ್ಮ ಅಭಿಮಾನದ ಎಲ್ಲೆಯನ್ನು ತೋರಿಸುತ್ತವೆ. ಎರಡೂ ಜ್ಞಾನವೇ. ಹವಾಯಿಯವರಿಗೆ ತಮ್ಮ ಕಳೆದುಹೋದ ವಿದ್ಯೆಯನ್ನು ಮರಳಿ ಕಲಿಸಲು ದೂರದ ದ್ವೀಪದ ಒಬ್ಬ ನಾವಿಕನಾದರೂ ಉಳಿದಿದ್ದ. ನಮ್ಮ ಪಾಲಿಗೆ ಅಂತಹವರು ಎಲ್ಲಿದ್ದಾರೆಂದು ಕೇಳಿಕೊಳ್ಳುವ ಕಾಲ ಇದು. ಅವರು ಬಹುಶಃ ನಮ್ಮ ಪಕ್ಕದ ಓಣಿಯಲ್ಲಿಯೇ ಇದ್ದಾರೆ. ಅವರನ್ನು ಯಾರೂ ಇನ್ನೂ ಕೇಳಿಲ್ಲ.